ಫೋನ್ ಕದ್ದು ಕೇಳುತ್ತಿದೆ ಅನ್ನಿಸಿದಾಗ ಎಲ್ಲಿಂದ ಹುಡುಕಬೇಕು?

ಮೊಬೈಲ್ ರಿಪೇರಿ ಅಂಗಡಿಗೆ ಒಡೆದ ಡಿಸ್‌ಪ್ಲೇ, ಊದಿದ ಬ್ಯಾಟರಿ ಬರುವುದು ಮಾಮೂಲು. ಈಗ ಅವುಗಳ ಜೊತೆ ಇನ್ನೊಂದು ದೂರು ಸೇರಿಕೊಂಡಿದೆ: "ನನ್ನ ಫೋನನ್ನ ಯಾರೋ ನೋಡ್ತಾ ಇದಾರೆ." ಒಡೆದ ಗಾಜು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಹಾಗಾಗಿ ಜನ ಗಾಬರಿಯಲ್ಲಿ ಏನೋ ಒಂದು ಮಾಡಿಕೊಂಡೇ ಬರುತ್ತಾರೆ. ಒಂದೋ ಫೋನ್ ಪೂರ್ತಿ ರೀಸೆಟ್ ಹೊಡೆದಿರುತ್ತಾರೆ, ಇಲ್ಲವೇ ಯಾವುದೋ ವಿಡಿಯೊ ನೋಡಿ 'ಆ್ಯಂಟಿ ಸ್ಪೈ' ಆ್ಯಪ್ ಹಾಕಿಕೊಂಡಿರುತ್ತಾರೆ. ರೀಸೆಟ್ ಮಾಡಿದರೆ ಸಾಕ್ಷಿ ಅಳಿಸಿಹೋಗುತ್ತದೆ. ಸೋರಿಕೆ ಫೋನಿನ ಹೊರಗಿದ್ದರೆ ಅದು ಹಾಗೇ ಮುಂದುವರಿಯುತ್ತದೆ. ಇನ್ನು ಆ ಆ್ಯಂಟಿ ಸ್ಪೈ ಆ್ಯಪ್ ಕೇಳುವ ಅನುಮತಿಗಳನ್ನು ನೋಡಿದರೆ, ಕಳ್ಳ ಇವನೇ ಇರಬೇಕು ಅನ್ನಿಸುತ್ತದೆ.

ಮೈಸೂರಿನಲ್ಲಿ ಕೌಂಟರ್ ಹಿಂದೆ ಕೂತು ಇಂಥ ಫೋನುಗಳನ್ನು ನೋಡುವ ನಾನು ಮೊದಲು ಕೇಳುವುದು ಇಷ್ಟೇ: ಗೊತ್ತಾಗಿರುವುದು ಏನು? ಗೊತ್ತಾಗಿರುವುದು ಯಾರಿಗೆ?

ಎರಡನೆಯ ಪ್ರಶ್ನೆಯಲ್ಲೇ ಮುಕ್ಕಾಲು ಪಾಲು ಉತ್ತರ ಇರುತ್ತದೆ. ಜಾಹೀರಾತು ತೋರಿಸುವ ಕಂಪನಿಗೆ ಗೊತ್ತಾಗಿದ್ದರೆ ಹುಡುಕುವ ಜಾಗ ಒಂದು. ಎಲ್ಲೋ ಕೂತು ಲೋನ್ ಬೇಕಾ ಅನ್ನುವವರಿಗೆ ಗೊತ್ತಾಗಿದ್ದರೆ ಇನ್ನೊಂದು. ಮನೆಯವರಿಗೋ ಪರಿಚಯದವರಿಗೋ ಗೊತ್ತಾಗಿದ್ದರೆ ಬೇರೆಯದೇ ದಾರಿ. ಮೂರಕ್ಕೂ ಒಂದೇ ಔಷಧಿ ಇಲ್ಲ. ಜನ ಮೊದಲು ಬೈಯುವುದು ಮೈಕನ್ನು. ನಾನು ಮೈಕನ್ನು ನೋಡುವುದು ಕೊನೆಗೆ.

ಮಾತಾಡಿದ್ದೇ ಜಾಹೀರಾತಾಗಿ ಬರುತ್ತಿದೆ

ಅತ್ತಿಗೆ ಜೊತೆ ರೇಷ್ಮೆ ಸೀರೆ ಬಗ್ಗೆ ಮಾತಾಡಿದೆ, ಸಂಜೆಗೆ ಇನ್‌ಸ್ಟಾಗ್ರಾಮಿನಲ್ಲಿ ಬರೀ ಸೀರೆ. ಫೋನ್ ಕೇಳಿಸಿಕೊಳ್ಳದೆ ಹೇಗೆ ಬರುತ್ತೆ ಸರ್? ಈ ದೂರು ಕೇಳದ ವಾರ ಇಲ್ಲ.

ಇದನ್ನು ವಾದ ಮಾಡಿ ಬಗೆಹರಿಸಲು ಆಗುವುದಿಲ್ಲ, ಪರೀಕ್ಷೆ ಮಾಡಿಯೇ ನೋಡಬೇಕು. ನಿಮ್ಮ ಮನೆಯಲ್ಲಿ ಯಾರಿಗೂ ಬೇಡದ ಒಂದು ವಸ್ತು ಆರಿಸಿಕೊಳ್ಳಿ. ನಾನು ಹೇಳುವುದು ಕುದುರೆ ಲಾಳ. ಟಾಂಗಾ ಓಡುವ ಊರಾದರೂ ಲಾಳ ಕೊಳ್ಳುವವರು ನಮ್ಮಲ್ಲಿ ಎಷ್ಟು ಮಂದಿ? ಕೆಲವು ದಿನ ಫೋನ್ ಪಕ್ಕದಲ್ಲಿಟ್ಟುಕೊಂಡು ಲಾಳದ ರೇಟು, ಲಾಳದ ಮೊಳೆ, ಕುದುರೆ ಮೇವು ಅಂತ ಮಾತಾಡಿ. ಆದರೆ ಎಲ್ಲೂ ಟೈಪ್ ಮಾಡಬೇಡಿ, ಯಾರಿಗೂ ಮೆಸೇಜ್ ಹಾಕಬೇಡಿ, ಮನೆಯವರಿಗೂ ಹುಡುಕಬೇಡಿ ಅಂತ ಹೇಳಿ. ಆಮೇಲೆ ಬೇರೆ ವಸ್ತು ಒಂದನ್ನು, ಸುಮ್ನೆ ಹೊಲಿಗೆ ಯಂತ್ರ ಅಂತಿಟ್ಟುಕೊಳ್ಳಿ, ಅದರ ಬಗ್ಗೆ ಬಾಯಿ ಬಿಡದೆ ನಾಲ್ಕು ಸಲ ಹುಡುಕಿ, ಎರಡು ಶಾಪಿಂಗ್ ಪುಟ ತೆರೆಯಿರಿ. ಯಾವುದರ ಜಾಹೀರಾತು ಬರುತ್ತದೆ ಅಂತ ನೀವೇ ನೋಡಿ. ಮಾಡಿ ನೋಡಿದ ಗಿರಾಕಿಗಳೆಲ್ಲ ಹೊಲಿಗೆ ಯಂತ್ರ ನೋಡಿ ಬೇಜಾರಾಗಿ ಬಂದಿದ್ದಾರೆ, ಲಾಳ ಕಂಡವರು ಇನ್ನೂ ಬಂದಿಲ್ಲ.

ಇದು ನನ್ನ ಅಂಗಡಿಯ ಮಾತು. ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿದವರೂ ಇದ್ದಾರೆ. ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು 17 ಸಾವಿರಕ್ಕೂ ಹೆಚ್ಚು ಆ್ಯಂಡ್ರಾಯ್ಡ್ ಆ್ಯಪ್‌ಗಳನ್ನು ನೋಡಿ 2018ರಲ್ಲಿ ಫಲಿತಾಂಶ ಕೊಟ್ಟರು. ಕದ್ದು ಮೈಕ್ ಆನ್ ಮಾಡಿ ಮಾತು ಕಳಿಸುವ ಆ್ಯಪ್ ಅವರಿಗೆ ಸಿಗಲಿಲ್ಲ. ಬದಲಿಗೆ ಇನ್ನೊಂದು ಸಿಕ್ಕಿತು: ನೀವು ಆ್ಯಪ್ ಒಳಗೆ ಏನು ಒತ್ತುತ್ತೀರಿ ಅನ್ನುವುದನ್ನು ಸ್ಕ್ರೀನ್ ರೆಕಾರ್ಡ್ ಮಾಡಿ ಹೊರಗಿನ ಕಂಪನಿಗೆ ಕಳಿಸುವ ಆ್ಯಪ್‌ಗಳು. ನಾವು ಕಿವಿಗೆ ಹೆದರುತ್ತಾ ಇದ್ದರೆ ಅವರು ಬೆರಳನ್ನು ನೋಡುತ್ತಿದ್ದರು.

ಹಾಗಾದರೆ ಸೀರೆ ಎಲ್ಲಿಂದ ಬಂತು? ಇಂಥ ಕೇಸಿನಲ್ಲಿ ನಾನು ಹುಡುಕುವ ಕಾರಣಗಳು ಇವು. ನೀವು ಹುಡುಕದಿದ್ದರೂ ಅತ್ತಿಗೆ ಹುಡುಕಿರುತ್ತಾರೆ, ಇಬ್ಬರ ಫೋನೂ ಒಂದೇ ವೈಫೈನಲ್ಲಿತ್ತು. ಇಬ್ಬರ ಕಾಂಟ್ಯಾಕ್ಟ್ ಪಟ್ಟಿಯಲ್ಲೂ ಇಬ್ಬರ ನಂಬರ್ ಇದೆ. ಹೋದ ವರ್ಷ ಸೀರೆ ಅಂಗಡಿಯಲ್ಲಿ ಬಿಲ್ ಮಾಡಿಸುವಾಗ ಮೊಬೈಲ್ ನಂಬರ್ ಕೊಟ್ಟಿದ್ದಿರಿ. ಅಂಗಡಿಯವರು ಗಿರಾಕಿಗಳ ನಂಬರ್ ಪಟ್ಟಿಯನ್ನು ಜಾಹೀರಾತು ಕಂಪನಿಗೆ ಕೊಟ್ಟು, "ಇವರಿಗೇ ತೋರಿಸಿ" ಅನ್ನುವ ಸೌಲಭ್ಯ ಗೂಗಲ್, ಫೇಸ್‌ಬುಕ್ ಎರಡರಲ್ಲೂ ಇದೆ. ಜೊತೆಗೆ ಮದುವೆ ಸೀಸನ್. ನಿಮ್ಮ ವಯಸ್ಸಿನ, ನಿಮ್ಮ ಬಡಾವಣೆಯ ಹೆಂಗಸರಿಗೆಲ್ಲ ಆ ವಾರ ಸೀರೆಯೇ ಕಂಡಿರುತ್ತದೆ. ಕಂಡ ನೂರರಲ್ಲಿ ಮಾತಾಡಿದ್ದ ಒಂದು ಮಾತ್ರ ನೆನಪಿನಲ್ಲಿ ಉಳಿಯುತ್ತದೆ, ಅಲ್ವಾ?

ಆದರೂ ಮೈಕ್ ನೋಡಿಯೇ ಬಿಡೋಣ ಅಂದರೆ ಸುಲಭ. ಆ್ಯಂಡ್ರಾಯ್ಡ್ 12 ಮತ್ತು ಅದರ ಮೇಲಿನ ಫೋನಿನಲ್ಲಿ ಯಾವ ಆ್ಯಪ್ ಮೈಕ್ ಅಥವಾ ಕ್ಯಾಮೆರಾ ಮುಟ್ಟಿದರೂ ಮೇಲಿನ ಬಲಮೂಲೆಯಲ್ಲಿ ಹಸಿರು ಚುಕ್ಕೆ ಬರುತ್ತದೆ. ಐಫೋನಿನಲ್ಲಿ ಮೈಕಿಗೆ ಕಿತ್ತಳೆ, ಕ್ಯಾಮೆರಾಗೆ ಹಸಿರು. ಆ್ಯಂಡ್ರಾಯ್ಡಿನಲ್ಲಿ ಸೆಟ್ಟಿಂಗ್ಸ್ ಒಳಗೆ ಪ್ರೈವಸಿ, ಅದರೊಳಗೆ ಪ್ರೈವಸಿ ಡ್ಯಾಶ್‌ಬೋರ್ಡ್ ತೆರೆದರೆ ಕಳೆದ 24 ಗಂಟೆಯಲ್ಲಿ ಮೈಕ್, ಕ್ಯಾಮೆರಾ, ಲೊಕೇಶನ್ ಯಾರು ಎಷ್ಟು ಹೊತ್ತಿಗೆ ಬಳಸಿದರು ಅಂತ ಗಂಟೆ ಸಮೇತ ಸಿಗುತ್ತದೆ. ರಾತ್ರಿ ಎರಡು ಗಂಟೆಗೆ ಟಾರ್ಚ್ ಆ್ಯಪ್ ಲೊಕೇಶನ್ ನೋಡಿದ್ದರೆ ಅದನ್ನು ಆಗಲೇ ಕಿತ್ತುಹಾಕಿ. ವಿಚಾರಣೆ ಬೇಕಿಲ್ಲ.

ಜಾಹೀರಾತಿನ ಕಾಟ ಕಡಿಮೆ ಮಾಡಲು ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರಲ್ಲಿ ಆ್ಯಡ್ಸ್ ತೆರೆದು 'ಡಿಲೀಟ್ ಅಡ್ವರ್ಟೈಸಿಂಗ್ ಐಡಿ' ಒತ್ತಿ. ಐಫೋನಿನಲ್ಲಿ ಆ್ಯಪ್ ಕೇಳಿದಾಗ 'ಆಸ್ಕ್ ಆ್ಯಪ್ ನಾಟ್ ಟು ಟ್ರ್ಯಾಕ್' ಸಾಕು, 2021ರ ಏಪ್ರಿಲಿನಿಂದ ಇದು ಇದೆ. ಇನ್‌ಕಾಗ್ನಿಟೊ ಕಿಟಕಿಯನ್ನು ನಂಬಿ ಕೂರಬೇಡಿ. ಅದು ನಿಮ್ಮ ಮನೆಯವರಿಂದ ಹಿಸ್ಟರಿ ಮುಚ್ಚಿಡುತ್ತದೆ, ವೆಬ್‌ಸೈಟಿನವರಿಂದ ಅಲ್ಲ. ಇದರ ಬಗ್ಗೆ ಅಮೆರಿಕದಲ್ಲಿ ಕೇಸ್ ನಡೆದು, ಆ ಕಿಟಕಿಯಲ್ಲಿ ಕೂಡಿಟ್ಟ ಕೋಟ್ಯಂತರ ದಾಖಲೆಗಳನ್ನು ಅಳಿಸಲು ಗೂಗಲ್ 2024ರಲ್ಲಿ ಒಪ್ಪಿಕೊಂಡಿತು.

ಗುರುತಿಲ್ಲದವರಿಗೆ ನಂಬರ್, ಹೆಸರು, ಊರು ಎಲ್ಲಾ ಗೊತ್ತು

ಇಲ್ಲಿ ಫೋನ್ ಬಿಚ್ಚಿ ನೋಡುವುದು ದಂಡ. ನಂಬರ್ ಸೋರಿದ್ದು ಫೋನಿನಿಂದಲ್ಲ, ಕೌಂಟರುಗಳಿಂದ. ದಸರಾ ಹೊತ್ತಿಗೆ ಊರಿನಲ್ಲಿ ಎಷ್ಟು ಅಂಗಡಿ ಮುಂದೆ ಲಕ್ಕಿ ಡ್ರಾ ಡಬ್ಬಿ ಇಟ್ಟಿರುತ್ತಾರೆ ನೆನಪಿಸಿಕೊಳ್ಳಿ. ಚೀಟಿಯಲ್ಲಿ ಹೆಸರು, ನಂಬರ್, ಹುಟ್ಟಿದ ದಿನ, ಮದುವೆ ದಿನ. ಸ್ಕೂಟರ್ ಯಾರಿಗೆ ಬಂತೋ ಗೊತ್ತಿಲ್ಲ, ಚೀಟಿಗಳಂತೂ ಎಲ್ಲೋ ಒಂದು ಎಕ್ಸೆಲ್ ಫೈಲಿಗೆ ಹೋಗುತ್ತವೆ.

ಯಾವ ಕೌಂಟರಿನಿಂದ ಸೋರಿತು ಅಂತ ಹಿಡಿಯುವ ಉಪಾಯ ಒಂದಿದೆ. ಪೈಪು ಎಲ್ಲಿ ಸೋರುತ್ತಿದೆ ಅಂತ ನೋಡಲು ಬಣ್ಣದ ನೀರು ಬಿಡುವ ಹಾಗೆ, ಒಂದೊಂದು ಕಡೆ ಹೆಸರನ್ನು ಸ್ವಲ್ಪ ಬದಲಾಯಿಸಿ ಕೊಡಿ. ಜಿಮ್‌ನಲ್ಲಿ ಮಹದೇವ ಜಿ, ಚಪ್ಪಲಿ ಅಂಗಡಿಯಲ್ಲಿ ಮಹದೇವ ಸಿ, ಸೈಟ್ ಮಾರುವವರಿಗೆ ಮಹದೇವ ಎಸ್. ಮೂರು ತಿಂಗಳ ನಂತರ "ಮಹದೇವ ಎಸ್ ಅವರಾ, ಪರ್ಸನಲ್ ಲೋನ್ ಬೇಕಾ" ಅಂತ ಕರೆ ಬಂದರೆ ತೂತು ಎಲ್ಲಿದೆ ಗೊತ್ತಾಯಿತು. ಬ್ಯಾಂಕ್, ಆಸ್ಪತ್ರೆ, ಸರ್ಕಾರಿ ಅರ್ಜಿಗೆ ಮಾತ್ರ ಈ ಆಟ ಬೇಡ, ಅಲ್ಲಿ ಸರಿಯಾದ ಹೆಸರೇ ಇರಲಿ.

ಬರುವ ಕರೆಯನ್ನೂ ಓದಲು ಕಲಿಯಿರಿ. 140ರಿಂದ ಶುರುವಾದರೆ ಪ್ರಚಾರದ ಕರೆ. ಬ್ಯಾಂಕಿನವರ ಸೇವಾ ಕರೆಗೆ 1600ರಿಂದ ಶುರುವಾಗುವ ನಂಬರುಗಳನ್ನು ಕೊಟ್ಟಿದ್ದಾರೆ. ಹತ್ತು ಅಂಕಿಯ ಮಾಮೂಲಿ ನಂಬರಿನಿಂದ "ಬ್ಯಾಂಕಿನಿಂದ ಮಾತಾಡ್ತಿದೀವಿ" ಅಂದರೆ ಅಲ್ಲೇ ಕಟ್ ಮಾಡಿ. ಎಸ್ಸೆಮ್ಮೆಸ್ ಕಳಿಸಿದವರ ಹೆಸರಿನ ಕೊನೆಯಲ್ಲಿ ಅಡ್ಡಗೆರೆ ಹಾಕಿ ಇಂಗ್ಲಿಷಿನ ಪಿ ಇದ್ದರೆ ಪ್ರಚಾರ, ಎಸ್ ಇದ್ದರೆ ಸೇವೆ, ಟಿ ಇದ್ದರೆ ವ್ಯವಹಾರ, ಜಿ ಇದ್ದರೆ ಸರ್ಕಾರ. ಪ್ರಚಾರ ಪೂರ್ತಿ ಬೇಡ ಅಂದರೆ 1909ಕ್ಕೆ ಕರೆ ಮಾಡಿ ಡಿಎನ್‌ಡಿ ಹಾಕಿಸಬಹುದು. ಕಾನೂನು ಪಾಲಿಸುವವರು ನಿಲ್ಲುತ್ತಾರೆ, ಪಾಲಿಸದವರು ನಿಲ್ಲುವುದಿಲ್ಲ. ಅಷ್ಟು ಗೊತ್ತಿದ್ದೇ ಹಾಕಿಸಿ.

ನನಗೆ ಜಾಸ್ತಿ ಚಿಂತೆ ಇರುವುದು ಜೆರಾಕ್ಸ್ ಅಂಗಡಿ ಕಂಪ್ಯೂಟರಿನ ಬಗ್ಗೆ. ಆಧಾರ್ ಪ್ರಿಂಟ್ ಬೇಕು ಅಂದರೆ ನಾವು ಏನು ಮಾಡುತ್ತೇವೆ? ಅಂಗಡಿಯ ವಾಟ್ಸಾಪ್ ನಂಬರಿಗೆ ಫೈಲ್ ಕಳಿಸುತ್ತೇವೆ. ಪ್ರಿಂಟ್ ತಗೊಂಡು ಹತ್ತು ರೂಪಾಯಿ ಕೊಟ್ಟು ಬರುತ್ತೇವೆ. ಫೈಲ್ ಅಲ್ಲೇ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ನಿಮ್ಮ ಹಿಂದೆ ಮುಂದೆ ಬಂದವರ ಪಾನ್ ಕಾರ್ಡು, ಪಾಸ್‌ಬುಕ್ಕಿನ ಜೊತೆ ಮಲಗಿರುತ್ತದೆ. ಅಂಗಡಿಯವರು ಕೆಟ್ಟವರಲ್ಲ, ಅಳಿಸುವಷ್ಟು ಪುರಸೊತ್ತು ಇರುವುದಿಲ್ಲ. ಕಳಿಸಿದ ಫೈಲನ್ನು 'ಡಿಲೀಟ್ ಫಾರ್ ಎವೆರಿಒನ್' ಮಾಡಿದರೂ ಕಂಪ್ಯೂಟರಿಗೆ ಇಳಿಸಿಕೊಂಡದ್ದು ಹೋಗುವುದಿಲ್ಲ. ಎದುರಿಗೆ ನಿಂತು ಅಳಿಸಿ ಅಂತ ಹೇಳಿ, ನಾಚಿಕೆ ಬೇಡ. ಅದಕ್ಕಿಂತ ಒಳ್ಳೆಯದು, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಂಡು ಅದನ್ನೇ ಕೊಡಿ. ಎಂ-ಆಧಾರ್ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಟ್ಟರೆ ನಿಮ್ಮ ಬೆರಳಚ್ಚಿನ ನಕಲು ಯಾರ ಹತ್ತಿರ ಇದ್ದರೂ ಅದರಿಂದ ದುಡ್ಡು ತೆಗೆಯಲು ಆಗುವುದಿಲ್ಲ. ರೇಷನ್ ಅಂಗಡಿಯಲ್ಲಿ ಬೆರಳು ಇಡುವ ದಿನ ಬಿಚ್ಚಿ, ಆಮೇಲೆ ಹಾಕಿ. ಅದೇ ಕಡೆ ಆರು ತಿಂಗಳಲ್ಲಿ ನಿಮ್ಮ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಅಂತ ಹಿಸ್ಟರಿಯೂ ಸಿಗುತ್ತದೆ. ನೀವು ಊರಲ್ಲೇ ಇಲ್ಲದ ದಿನ ಬೆರಳಚ್ಚು ಬಿದ್ದಿದ್ದರೆ ಅದೇ ಸಾಕ್ಷಿ.

ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತಲೂ ಒಮ್ಮೆ ನೋಡಿ. ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನಂಬರ್ ಹಾಕಿ ಒಟಿಪಿ ಕೊಟ್ಟರೆ ಪಟ್ಟಿ ಬರುತ್ತದೆ. ಒಬ್ಬರಿಗೆ ಕರ್ನಾಟಕದಲ್ಲಿ ಒಂಬತ್ತರವರೆಗೆ ಅವಕಾಶ. ಗೊತ್ತಿಲ್ಲದ ಸಿಮ್ ಕಂಡರೆ ಅಲ್ಲೇ 'ನಾಟ್ ಮೈ ನಂಬರ್' ಒತ್ತಬಹುದು.

ಸಾಲದ ಆ್ಯಪಿನವರು ನಿಮ್ಮ ಬಂಧು ಬಳಗಕ್ಕೆಲ್ಲ ಫೋನ್ ಮಾಡಿ ಮರ್ಯಾದೆ ತೆಗೆಯುತ್ತಿದ್ದರೆ ಕಾರಣ ಬೇರೆ ಹುಡುಕಬೇಡಿ, ಕಾಂಟ್ಯಾಕ್ಟ್ ಅನುಮತಿಯೇ. ಸಾಲದ ಆ್ಯಪ್‌ಗಳು ಕಾಂಟ್ಯಾಕ್ಟ್, ಕಾಲ್ ಲಾಗ್, ಫೋಟೊ ಮುಟ್ಟಬಾರದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಗೂಗಲ್ ಕೂಡ 2023ರ ಮೇ ಕೊನೆಯಿಂದ ಪ್ಲೇ ಸ್ಟೋರಿನಲ್ಲಿ ತಡೆದಿದೆ. ಈಗಲೂ ಕೇಳುತ್ತಿದೆ ಅಂದರೆ ಅದು ಸರಿಯಾದ ಜಾಗದಿಂದ ಬಂದ ಆ್ಯಪ್ ಅಲ್ಲ. ಆ್ಯಪ್ ತೆಗೆದರೂ ಹೋದ ಪಟ್ಟಿ ವಾಪಸ್ ಬರುವುದಿಲ್ಲ. ನೆಂಟರಿಗೆ ನೀವೇ ಮೊದಲು ಹೇಳಿಬಿಡುವುದು ವಾಸಿ.

ಕಾನೂನು ಇಲ್ಲವೇ ಅಂತ ಕೇಳುವವರಿಗೆ: ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ದಂಡ 250 ಕೋಟಿ ರೂಪಾಯಿವರೆಗೆ ಇದೆ. ಆದರೆ ಕಂಪನಿಗಳ ಮುಖ್ಯ ಹೊಣೆಗಾರಿಕೆಗಳಿಗೆ ಆಗಿನಿಂದ 18 ತಿಂಗಳ ಗಡುವು ಕೊಟ್ಟಿದ್ದಾರೆ.

ಮದುವೆ ಕಾಗದ ಒತ್ತಿದ ಮೇಲೆ

ಮಂಡ್ಯ ಕಡೆಯ ರೈತರೊಬ್ಬರು ಮಗನ ಜೊತೆ ಬಂದಿದ್ದರು. ಫೋನ್ ಕೌಂಟರ್ ಮೇಲೆ ಇಟ್ಟಿದ್ದೇ ತಡ, ಅದು ತಾನಾಗೇ ಮಿನುಗುತ್ತಿತ್ತು. ಒಂದರ ಹಿಂದೆ ಒಂದು ವಾಟ್ಸಾಪ್ ಕರೆ. ಅವರ ನಂಬರಿನಿಂದ ಊರಿಗೆಲ್ಲ ಏನೋ ಹೋಗಿದೆ, ಎಲ್ಲರೂ ಏನಿದು ಅಂತ ಕೇಳುತ್ತಿದ್ದಾರೆ.

"ಮದ್ವೆ ಕಾಗ್ದ ಅಂದ್ಕಂಡ್ ಒತ್ಬುಟ್ಟೆ ಕಣಣ್ಣ. ನಮ್ ಬಾಮೈದುನ್ ನಂಬರಿಂದ್ಲೇ ಬಂದಿತ್ತು."

"ಒತ್ತಿದ ಮೇಲೆ ಕಾಗದ ಕಾಣಿಸ್ತಾ ಗೌಡ್ರೆ?"

"ಇಲ್ಲ ಕಣಣ್ಣ. ಏನೇನೋ ಕೇಳ್ತು, ಹೂಂ ಹೂಂ ಅಂತ ಒತ್ತುತಾ ಹೋದೆ."

ಚಾಟ್ ತೆರೆದು ನೋಡಿದರೆ ಫೈಲಿನ ಹೆಸರಿನ ಕೊನೆಯಲ್ಲಿ ಪಿಡಿಎಫ್ ಇರಲಿಲ್ಲ, ಎಪಿಕೆ ಇತ್ತು. ಅಂದರೆ ಅದು ಕಾಗದವಲ್ಲ, ಆ್ಯಪ್. ಇದೇ ಮಾಲು ಟ್ರಾಫಿಕ್ ದಂಡ, ಪಿಎಂ ಕಿಸಾನ್ ಕಂತು, ಬ್ಯಾಂಕ್ ಕೆವೈಸಿ ಅಂತ ಬೇರೆ ಬೇರೆ ಹೆಸರಿನಲ್ಲಿ ಓಡಾಡುತ್ತದೆ. ಅದು ಮುಖ್ಯವಾಗಿ ಕೇಳುವುದು ಎಸ್ಸೆಮ್ಮೆಸ್ ಓದುವ ಅನುಮತಿ. ಒಟಿಪಿ ನಿಮಗಿಂತ ಮುಂಚೆ ಕಳ್ಳನಿಗೆ ಹೋಗುತ್ತದೆ. ಆ್ಯಕ್ಸೆಸಿಬಿಲಿಟಿ ಅನುಮತಿಯೂ ಸಿಕ್ಕಿದರೆ ಸ್ಕ್ರೀನ್ ಓದುತ್ತದೆ, ನಿಮ್ಮ ಬದಲು ಬಟನ್ ಒತ್ತುತ್ತದೆ.

ಇಲ್ಲಿ ಕೆಲಸದ ಅನುಕ್ರಮ ಮುಖ್ಯ, ಆತುರದಲ್ಲಿ ತಿರುವುಮುರುವು ಆಗಬಾರದು. ಮೊದಲು ಏರ್‌ಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಆಗಿದೆಯಾ ನೋಡಿ. ಆಮೇಲೆ ಬೇರೆಯವರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ನೆಟ್ ಬ್ಯಾಂಕಿಂಗ್, ಯುಪಿಐ, ಕಾರ್ಡ್ ನಿಲ್ಲಿಸಿ. ದುಡ್ಡು ಹೋಗಿದ್ದರೆ ಅದೇ ಉಸಿರಿನಲ್ಲಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ ನೀವು ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಹಾಗಾಗಿ ತಿಳಿಸಿದ ಹೊತ್ತು, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಆ್ಯಪ್ ತೆಗೆಯುವುದು ಇದೆಲ್ಲ ಆದ ಮೇಲೆ.

ತೆಗೆಯುವಾಗ ಒಂದು ಕಿರಿಕಿರಿ ಇದೆ. ಹೋಮ್ ಸ್ಕ್ರೀನಿನಲ್ಲಿ ಅದರ ಐಕಾನ್ ಇರುವುದಿಲ್ಲ. ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಹುಡುಕಬೇಕು, ಹೆಸರೇ ಇಲ್ಲದ್ದೋ ಗೂಗಲ್ ಸರ್ವಿಸ್ ಅನ್ನುವಂಥ ಹೆಸರಿನದ್ದೋ ಇರುತ್ತದೆ. ಅನ್‌ಇನ್‌ಸ್ಟಾಲ್ ಬಟನ್ ಮಂಕಾಗಿದ್ದರೆ ಅದು ಡಿವೈಸ್ ಅಡ್ಮಿನ್ ಆಗಿ, ಅಂದರೆ ಫೋನಿನ ಮೇಲೆ ವಿಶೇಷ ಅಧಿಕಾರ ಪಡೆದು ಕೂತಿದೆ ಅಂತ ಅರ್ಥ. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ 'ಡಿವೈಸ್ ಅಡ್ಮಿನ್' ಅಂತ ಹಾಕಿ, ಅಲ್ಲಿ ಟಿಕ್ ತೆಗೆದು ವಾಪಸ್ ಬನ್ನಿ. ಟಿಕ್ ತೆಗೆಯಲು ಹೋದಾಗ ಸ್ಕ್ರೀನ್ ತಾನೇ ಹಿಂದಕ್ಕೆ ಹಾರಿದರೆ ಸೇಫ್ ಮೋಡ್‌ಗೆ ಹೋಗಿ. ಎಷ್ಟೋ ಫೋನುಗಳಲ್ಲಿ ಪವರ್ ಮೆನುವಿನ 'ಪವರ್ ಆಫ್' ಅನ್ನು ಒತ್ತಿ ಹಿಡಿದರೆ ಸಾಕು. ಸೇಫ್ ಮೋಡಿನಲ್ಲಿ ನೀವು ಹಾಕಿಕೊಂಡ ಆ್ಯಪ್ ಯಾವುದೂ ಓಡುವುದಿಲ್ಲ, ಆಗ ತೆಪ್ಪಗೆ ಬಿಟ್ಟುಕೊಡುತ್ತದೆ. ಕೊನೆಗೆ ಆ್ಯಕ್ಸೆಸಿಬಿಲಿಟಿ, ನೋಟಿಫಿಕೇಶನ್ ಆ್ಯಕ್ಸೆಸ್, 'ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್' ಈ ಮೂರೂ ಪಟ್ಟಿ ನೋಡಿ. ಮೂರನೆಯದರಲ್ಲಿ ವಾಟ್ಸಾಪ್‌ಗೆ ಅನುಮತಿ ಕೊಟ್ಟಿದ್ದರೆ ಬಾಗಿಲು ತೆರೆದದ್ದು ಅಲ್ಲಿಂದಲೇ.

ಗೌಡರ ಫೋನಿನಲ್ಲಿ ಇಷ್ಟೂ ಆಯಿತು. ಬ್ಯಾಂಕಿನ ದುಡ್ಡು ಉಳಿದಿತ್ತು, ಯಾಕೆಂದರೆ ಖಾತೆಗೆ ಜೋಡಿಸಿದ್ದು ಮನೆಯಲ್ಲಿದ್ದ ಕೀಪ್ಯಾಡ್ ಫೋನಿನ ನಂಬರ್. ಬುದ್ಧಿವಂತ ಹುಡುಗರು ಇದನ್ನು ಹಳೇ ಕಾಲದವರ ಕೆಲಸ ಅಂತ ನಗುತ್ತಾರೆ. ನಾನು ನಗುವುದಿಲ್ಲ.

ಗೊತ್ತಿರುವವರಿಗೇ ಎಲ್ಲಾ ಗೊತ್ತಾಗುತ್ತಿದೆ

ಎಲ್ಲಕ್ಕಿಂತ ಸೂಕ್ಷ್ಮದ ದೂರು ಇದು. ಕಾರಣವೂ ಮಿಕ್ಕವಕ್ಕಿಂತ ಸಣ್ಣದಿರುತ್ತದೆ.

ಸರಸ್ವತಿಪುರಂ ಕಡೆಯ ನಿವೃತ್ತ ಟೀಚರಮ್ಮ ಒಬ್ಬರು, ಬೆಂಗಳೂರಿನಲ್ಲಿರುವ ಮಗನಿಗೆ ತಾವು ಹೇಳದ್ದೆಲ್ಲ ತಿಳಿಯುತ್ತದೆ ಅಂತ ಬಂದರು. ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದ ರಾತ್ರಿಯೇ ಮಗನ ಫೋನ್: "ಅಮ್ಮಾ, ಶುಗರ್ ಇಷ್ಟು ಜಾಸ್ತಿ ಇದೆಯಲ್ಲ, ಯಾಕೆ ಹೇಳ್ಲಿಲ್ಲ?" ಲ್ಯಾಬಿನವರೇ ಹೇಳಿರಬೇಕು ಅಂತ ಅವರ ಗುಮಾನಿ. ಲ್ಯಾಬಿಗೆ ಹೋಗಿ ಜಗಳ ಆಡಿಯೂ ಬಂದಿದ್ದರು.

ಪ್ಲೇ ಸ್ಟೋರ್ ತೆರೆದು ಮೂಲೆಯ ಗುಂಡು ಚಿತ್ರ ಒತ್ತಿದೆ. "ಮೇಡಂ, ಈ ಜಿಮೇಲ್ ಯಾರದ್ದು?"

"ಅದಾ? ಫೋನ್ ಕೊಡಿಸಿದಾಗ ಮಗನೇ ಹಾಕ್ಕೊಟ್ಟಿದ್ದು. ನಂದು ಅಂತ ಬೇರೆ ಇಲ್ಲ."

ಅಷ್ಟೇ ವಿಷಯ. ರಿಪೋರ್ಟಿನ ಫೋಟೊ ತೆಗೆದಿದ್ದರು. ಫೋಟೊ ಬ್ಯಾಕಪ್ ಆನ್ ಇತ್ತು. ಖಾತೆ ಮಗನದ್ದು, ಹಾಗಾಗಿ ಅಮ್ಮನ ಫೋಟೊ ಮಗನ ಗ್ಯಾಲರಿಗೆ ಹೋಗಿ ಕೂತಿತ್ತು. ಜೊತೆಗೆ ಕಾಂಟ್ಯಾಕ್ಟ್, ಯೂಟ್ಯೂಬ್ ಹಿಸ್ಟರಿ, ಕ್ರೋಮಿನಲ್ಲಿ ಹುಡುಕಿದ್ದು ಎಲ್ಲಾ. ಮಗ ಬೇಹುಗಾರ ಅಲ್ಲ, ಅವನಿಗೂ ಅದು ಸುಮ್ನೆ ಕಣ್ಣಿಗೆ ಬಿದ್ದದ್ದು. ಹೊಸ ಖಾತೆ ಮಾಡಿಕೊಡಲಾ ಅಂತ ಕೇಳಿದೆ. ಅವರು ಸ್ವಲ್ಪ ಯೋಚಿಸಿ, "ಮಾಡ್ಕೊಡಿ. ಅವನಿಗೆ ಗೊತ್ತಾಗಬಾರದು ಅಂತಲ್ಲ. ನಾನು ಹೇಳಿ ಗೊತ್ತಾಗಬೇಕು" ಅಂದರು.

ಖಾಸಗಿತನ ಸಂವಿಧಾನದ 21ನೇ ವಿಧಿಯಡಿ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಕೇಸು ಹಾಕಿದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಓದಿದ್ದು ನಮ್ಮ ಮಹಾರಾಜ ಕಾಲೇಜಿನಲ್ಲಿ. ಟೀಚರಮ್ಮ ಒಂದು ಸಾಲಿನಲ್ಲಿ ಹೇಳಿದ್ದು ಆ ತೀರ್ಪಿಗೆ ತೀರಾ ದೂರದ್ದೇನಲ್ಲ.

ಇಂಥ ದೂರು ಬಂದರೆ ನಾನು ಹುಡುಕುವ ಕ್ರಮ ಹೀಗೆ. ಮೊದಲು ಗೂಗಲ್ ಖಾತೆಯಲ್ಲಿ ಸೆಕ್ಯುರಿಟಿ, ಅದರಲ್ಲಿ 'ಯುವರ್ ಡಿವೈಸಸ್'. ನಿಮ್ಮ ಖಾತೆ ಎಲ್ಲೆಲ್ಲಿ ತೆರೆದಿದೆ ಅಂತ ಪಟ್ಟಿ ಇರುತ್ತದೆ. ಮಾರಿದ ಹಳೇ ಫೋನು, ಸೈಬರ್ ಸೆಂಟರಿನ ಕಂಪ್ಯೂಟರು, ಬಿಟ್ಟುಬಂದ ಆಫೀಸಿನ ಲ್ಯಾಪ್‌ಟಾಪು, ಏನೇನೋ ಸಿಗುತ್ತದೆ. ಎರಡನೆಯದು ವಾಟ್ಸಾಪಿನ 'ಲಿಂಕ್ಡ್ ಡಿವೈಸಸ್'. ಒಂದು ಫೋನಿಗೆ ನಾಲ್ಕು ಸಾಧನ ಜೋಡಿಸಬಹುದು, ಜೋಡಿಸಲು ನಿಮ್ಮ ಫೋನ್ ಅರ್ಧ ನಿಮಿಷ ಕೈಗೆ ಸಿಕ್ಕರೆ ಸಾಕು. ಆಮೇಲೆ ನಿಮ್ಮ ಫೋನ್ ಆಫ್ ಇದ್ದರೂ ಅಲ್ಲಿ ಮೆಸೇಜ್ ಕಾಣುತ್ತದೆ. ಮೂರನೆಯದು ಗೂಗಲ್ ಮ್ಯಾಪ್ಸ್‌ನಲ್ಲಿ 'ಲೊಕೇಶನ್ ಶೇರಿಂಗ್'. ಯಾವತ್ತೋ ಒಂದು ದಿನ ಚಾಮುಂಡಿ ಬೆಟ್ಟದಲ್ಲಿ ಆಷಾಢದ ರಶ್ಶಿನಲ್ಲಿ ತಪ್ಪಿಸಿಕೊಳ್ಳಬಾರದು ಅಂತ ಶೇರ್ ಮಾಡಿದ್ದು, 'ನಾನೇ ಆಫ್ ಮಾಡುವ ತನಕ' ಅಂತ ಆಗಿ ವರ್ಷಗಟ್ಟಲೆ ಓಡುತ್ತಿರಬಹುದು. ನಾಲ್ಕನೆಯದು ಕಾಲ್ ಫಾರ್ವರ್ಡಿಂಗ್. ಫೋನ್ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ನೋಡಿ. 'ಆಲ್ವೇಸ್ ಫಾರ್ವರ್ಡ್' ಅನ್ನುವ ಕಡೆ ಗೊತ್ತಿಲ್ಲದ ನಂಬರ್ ಇದ್ದರೆ ತೆಗೆಯಿರಿ. ಬ್ಯುಸಿ ಇದ್ದಾಗ, ನೆಟ್‌ವರ್ಕ್ ಇಲ್ಲದಾಗ ಅನ್ನುವ ಕಡೆ ಕಂಪನಿಯ ವಾಯ್ಸ್‌ಮೇಲ್ ನಂಬರ್ ಇರುವುದು ಸಹಜ. ಅದನ್ನು ತೋರಿಸಿ "ನೋಡಿ, ನಿಮ್ಮ ಫೋನ್ ಟ್ಯಾಪ್ ಆಗಿದೆ" ಅನ್ನುವ ವಿಡಿಯೊಗಳು ಬರೀ ಬೊಗಳೆ.

ಇವೆಲ್ಲ ಶುದ್ಧ ಇದ್ದೂ ಗುಮಾನಿ ಉಳಿದರೆ ಮಾತ್ರ ಬೇಹುಗಾರಿಕೆ ಆ್ಯಪ್ ಹುಡುಕಿ. ಮುಖ್ಯ ಗುರುತು: ಕೆಟ್ಟ ಆ್ಯಪ್ ಹಿಡಿಯುವ ಪ್ಲೇ ಸ್ಟೋರಿನ ಪ್ಲೇ ಪ್ರೊಟೆಕ್ಟ್ ಅನ್ನು ಯಾರೋ ಆಫ್ ಮಾಡಿರುತ್ತಾರೆ. ನೀವು ಮಾಡಿಲ್ಲ ಅಂದರೆ ಫೋನ್ ಯಾರ ಕೈಯಲ್ಲಿತ್ತು ಅಂತ ಯೋಚಿಸಿ. ಬ್ಯಾಟರಿ ಬೇಗ ಇಳಿಯುವುದು, ಫೋನ್ ಬಿಸಿಯಾಗುವುದು, ಕರೆಯಲ್ಲಿ ಪ್ರತಿಧ್ವನಿ ಬರುವುದು ನಂಬುವಂಥ ಗುರುತುಗಳಲ್ಲ. ಹೆಚ್ಚಾಗಿ ಅದು ಹಳೇ ಬ್ಯಾಟರಿ, ವೀಕ್ ಸಿಗ್ನಲ್.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನೋಡುತ್ತಿರುವವರು ಗಂಡನೋ ಹಳೇ ಸಂಗಾತಿಯೋ ಆಗಿದ್ದು, ಹೊಡೆತದ ಭಯ ಇದ್ದರೆ ಆ್ಯಪ್ ತೆಗೆಯಲು ಅವಸರ ಮಾಡಬೇಡಿ. ತೆಗೆದ ತಕ್ಷಣ ಅವರಿಗೆ ಗೊತ್ತಾಗುತ್ತದೆ. ಸಹಾಯ ಕೇಳಲು ಆ ಫೋನನ್ನೂ ಬಳಸಬೇಡಿ. ಗೆಳತಿಯ ಫೋನಿನಿಂದ 181 ಮಹಿಳಾ ಸಹಾಯವಾಣಿಗೆ, ಅಪಾಯ ಇದ್ದರೆ 112ಕ್ಕೆ ಕರೆ ಮಾಡಿ. ಹೆಣ್ಣುಮಗಳ ಇಂಟರ್ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ. ದೂರು ಕೊಡಲು ಮೈಸೂರು, ಮಂಡ್ಯ ಎರಡೂ ಕಡೆ ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಇದೆ. ಫೋನನ್ನು ಇದ್ದ ಹಾಗೇ ತಗೊಂಡು ಹೋಗಿ, ನನ್ನಂಥವರ ಹತ್ತಿರ ಕ್ಲೀನ್ ಮಾಡಿಸಿಕೊಂಡು ಹೋಗಬೇಡಿ.

ಪೆಗಾಸಸ್ ಇರಬಹುದಾ ಅಂತ ಕೇಳುವವರೂ ಇದ್ದಾರೆ. 2021ರಲ್ಲಿ ದೊಡ್ಡ ಸುದ್ದಿಯಾದ ಇಸ್ರೇಲಿನ ತಂತ್ರಾಂಶ ಅದು. ಕಂಪನಿಯೇ ಹೇಳುವಂತೆ ಮಾರುವುದು ಸರ್ಕಾರಗಳಿಗೆ ಮಾತ್ರ. ಏನೂ ಒತ್ತದೆಯೂ ಒಳಗೆ ಬರಬಲ್ಲದು, ಅಂಗಡಿ ಕೌಂಟರಿನಲ್ಲಿ ಪತ್ತೆಯಾಗುವ ಮಾಲಲ್ಲ. ನೀವು ಪತ್ರಕರ್ತರೋ ಹೋರಾಟಗಾರರೋ ಆಗಿದ್ದರೆ ಐಫೋನಿನ ಲಾಕ್‌ಡೌನ್ ಮೋಡ್ ಹಾಕಿಕೊಳ್ಳಿ.

ರೀಸೆಟ್ ಮಾಡಲೇಬೇಕು ಅಂದರೆ

ಮಾಡಿ, ಆದರೆ ಕೊನೆಗೆ. ಮೊದಲು ಕಂಡದ್ದೆಲ್ಲ ಸ್ಕ್ರೀನ್‌ಶಾಟ್ ತೆಗೆದು ಬೇರೆಯವರ ಫೋನಿಗೆ ಕಳಿಸಿ. ಪಾಸ್‌ವರ್ಡುಗಳನ್ನು ಬೇರೆ ಫೋನಿನಿಂದ ಬದಲಾಯಿಸಿ. ಸೋಂಕಿರುವ ಫೋನಿನಲ್ಲೇ ಹೊಸ ಪಾಸ್‌ವರ್ಡ್ ಟೈಪ್ ಮಾಡಿದರೆ ಅದೂ ಅವರಿಗೇ ಹೋಗುತ್ತದೆ. ಜಿಮೇಲಿಗೆ, ವಾಟ್ಸಾಪಿಗೆ ಎರಡು ಹಂತದ ಪರಿಶೀಲನೆ ಹಾಕಿ. ರಿಕವರಿ ನಂಬರ್ ಯಾರದ್ದಿದೆ ಅಂತಲೂ ನೋಡಿ, ಅಲ್ಲಿ ಹಳೇ ಸಿಮ್ಮೋ ಭಾವನ ನಂಬರೋ ಇರುವುದು ನಾನು ಬೇಕಾದಷ್ಟು ಕಂಡಿದ್ದೇನೆ. ರೀಸೆಟ್ ಆದ ಮೇಲೆ ಫೋಟೊ, ಕಾಂಟ್ಯಾಕ್ಟ್ ವಾಪಸ್ ತಂದುಕೊಳ್ಳಿ, ಆ್ಯಪ್‌ಗಳನ್ನು ಬ್ಯಾಕಪ್‌ನಿಂದ ತರಬೇಡಿ. ಬೇಕಾದ್ದನ್ನು ಪ್ಲೇ ಸ್ಟೋರಿನಿಂದ ಒಂದೊಂದಾಗಿ ಹಾಕಿ.

ಇನ್ನು ರಿಪೇರಿಗೆ ಕೊಡುವಾಗ. ಡಿಸ್‌ಪ್ಲೇ ಬದಲಾಯಿಸಲು ನಮಗೆ ನಿಮ್ಮ ಪಿನ್ ಬೇಕಿಲ್ಲ, ಟಚ್ ನೋಡಲು ಲಾಕ್ ಸ್ಕ್ರೀನೇ ಸಾಕು. ಬೇಕೇ ಬೇಕು ಅಂದರೆ ಸ್ಯಾಮ್‌ಸಂಗಿನ ಹಲವು ಫೋನುಗಳಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್ ಇದೆ. ಅದನ್ನು ಆನ್ ಮಾಡಿಕೊಟ್ಟರೆ ಫೋಟೊ, ಮೆಸೇಜ್ ನಮಗೆ ಕಾಣುವುದಿಲ್ಲ, ಫೋನ್ ಮಾತ್ರ ಕೆಲಸ ಮಾಡುತ್ತದೆ. ಸಿಮ್, ಮೆಮೊರಿ ಕಾರ್ಡ್ ತೆಗೆದುಕೊಂಡು ಹೋಗಿ. ಫೋನ್ ವಾಪಸ್ ಬಂದ ಮೇಲೆ 'ಯುವರ್ ಡಿವೈಸಸ್', 'ಲಿಂಕ್ಡ್ ಡಿವೈಸಸ್' ಎರಡನ್ನೂ ತೆರೆದು ನೋಡಿ. ಅಲ್ಲಿ ಹೊಸ ಕಂಪ್ಯೂಟರ್ ಒಂದು ಕಂಡರೆ ಅದು ನಿಮಗೆ ಪರಿಚಯದ ಅಂಗಡಿಯದ್ದೇ ಆಗಿರಲಿ, ಮೊದಲು ಲಾಗೌಟ್ ಮಾಡಿ, ಆಮೇಲೆ ಫೋನ್ ಮಾಡಿ ಯಾಕೆ ಅಂತ ಕೇಳಿ.